ಓದುಗರ ಪ್ರಶ್ನೆ, ನಮ್ಮ ಉತ್ತರ: ಬಳಗ ಕಟ್ಟಿಕೊಂಡು ಹೊರದೇಶದಾಗ ನಡಿಯಾಕ ಹೊಂಟ್ರ

ಹೋದ ಸಂಚಿಕಿಯೊಳಗ ಹೊರದೇಶದ ನಡಿಗಿ ಪ್ರವಾಸದ ಬಗ್ಗೆ ಏನರ ಕೇಳೂದಿದ್ರ ಬರೀರಿ ಅಂದಿದ್ವಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಭಾಳ ಪತ್ರ ಬಂದಾವು, ಹೆಚ್ಚಿನವು ನೇಪಾಳದ್ದ. ಒಂದ ನಮೂನಿ ಪ್ರಶ್ನೆ ಇದ್ದವನ್ನ ಕೂಡಿಸಿ ಉತ್ತರ ಬರದೀನಿ.

ಪ್ರಶ್ನೆ: ನಾವು ಧಾರವಾಡದ ಕೆಲಗೇರಿ ಕೆರಿ ದಂಡಿಗೆ ದಿನಾ ಮುಂಜಾನೆ ವಾಕಿಂಗ್ ಮಾಡೂ ಮಂದಿರಿ, ಒಟ್ಟ 12 ಜನ, ಎಲ್ಲಾರಕಿಂತ ಸಣ್ಣಾಂವಗ 38, ಹಿರಿಯರಿಗೆ 67. ಮಾರ್ಚ್ ತಿಂಗಳದಾಗ ನೇಪಾಳದ ಪೂನ್ ಹಿಲ್ ಟ್ರೆಕ್ ಮಾಡೂಣು ಅಂತ ಮಾಡೀವಿ. ಏಜೆನ್ಸಿಯವ್ರು 4 ದಿನದ ಪ್ಲ್ಯಾನ್ ಕಳಿಸ್ಯಾರ, ದಿನಕ್ಕ 10-12 ಕಿಲೋಮೀಟರ್ ಅಷ್ಟ. ನಾವು ದಿನಾ 6 ಕಿಲೋಮೀಟರ್ ನಡಿಯವ್ರು, ನಮ್ಮೊಳಗ ಇಬ್ರು ಶ್ರೀಶೈಲ ಪಾದಯಾತ್ರಿ ಮಾಡಿದವ್ರು ಅದಾರ. ಇಷ್ಟ ತಯಾರಿ ಸಾಕಲ್ಲೇನ್ರಿ? ಮತ್ತ ಎಲ್ಲಾರೂ ‘ಅಲ್ಲಿ ಊರ ಮಂದೀನ್ನ ಕೇಳ್ರಿ’ ಅಂತಾರ, ಯಾರನ್ನ ಕೇಳೂದು, ಏನಂತ ಕೇಳೂದು?
(ವಾಕಿಂಗ್ ಬಳಗ, ಧಾರವಾಡ)

ಉತ್ತರ: ನಿಮ್ಮ ಪತ್ರ ಓದಿ ಭಾಳ ಖುಷಿ ಆತ್ರಿ. ಹೋಗ್ರಿ, ಖಂಡಿತ ಹೋಗ್ರಿ. ಆದ್ರ ಆ 4 ದಿನದ ಪ್ಲ್ಯಾನ್ ಮಾತ್ರ ಒಪ್ಕೋಬ್ಯಾಡ್ರಿ, ಯಾಕಂದ್ರ ಅದನ್ನ ಕಿಲೋಮೀಟರ್ ಲೆಕ್ಕದಾಗ ಬರದಾರ, ನೇಪಾಳದ ಗುಡ್ಡದಾಗ ಕಿಲೋಮೀಟರ್ ಲೆಕ್ಕ ಇಟ್ಕೊಂಡು ಹೊಂಟ್ರ ಮೊದಲ್ನೇ ದಿನಾನ ಅರ್ಧ ಮಂದಿ ಕುಂತ ಬಿಡ್ತಾರ. ಅಲ್ಲಿಯವ್ರು ದೂರ ಹೇಳೂದ ತಾಸಿನ ಮ್ಯಾಲ. ಇಲ್ಲಿಂದ ಗೋರೆಪಾನಿ (ಪೂನ್ ಹಿಲ್ ಬುಡದ ಊರು) ಎಷ್ಟ ದೂರ ಅಂದ್ರ ನಾಕ ತಾಸು ಅಂತಾರ, ಕಿಲೋಮೀಟರ್ ಕೇಳಿದ್ರ ಮಾರಿ ನೋಡ್ತಾರ.

ಶ್ರೀಶೈಲಕ್ಕ ನಡ್ದವ್ರು ಇಬ್ರು ಅದಾರ ಅಂದ್ರ ಅದೊಂದು ದೊಡ್ಡ ಬಲ. ಯುಗಾದಿ ಮುಂದಿನ ಬಿಸಲಾಗ ದಿನಗಟ್ಟಲೆ ನಡ್ದವ್ರಿಗೆ ಅಂಗಾಲಿಗೆ ಗುಳ್ಳಿ ಎದ್ರ ಏನ್ ಮಾಡ್ಬೇಕು, ನೀರು ಯಾವಾಗ ಕುಡೀಬೇಕು, ಮನಸ್ಸು ಸೋತಾಗ ಹೆಂಗ ಎದ್ದ ನಿಲ್ಲೂದು ಎಲ್ಲಾ ಗೊತ್ತಿರ್ತೈತಿ, ಅವ್ರನ್ನ ಬಳಗದ ನಡಕ ಇಟ್ಕೋರಿ. ಆದ್ರ ಆ ದಾರಿ ಕಡೀಕ ಬರೂ ನಲ್ಲಮಲ ಕಾಡಿನ ಗುಡ್ಡ ಬಿಟ್ರ ಬಹುತೇಕ ಬಯಲು ಸೀಮಿ. ಪೂನ್ ಹಿಲ್ ದಾರಿಯೊಳಗ ತಿಕೆಢುಂಗಾದಿಂದ ಉಲ್ಲೇರಿ ಅನ್ನೂ ಊರಿಗೆ ಏರೂದ್ರಾಗ ಕಲ್ಲಿನ ಪಾವಟಿಗಿ ಮೂರು ಸಾವಿರಕ್ಕ ಮ್ಯಾಲ ಅದಾವು, ಒಂದರ ಮ್ಯಾಲ ಒಂದು, ನಡಕ ಸಪಾಟ ಜಾಗಾನ ಅಪರೂಪ. ಉಲ್ಲೇರಿ ಸುಮಾರು 2000 ಮೀಟರ್ ಎತ್ತರಕ್ಕೈತಿ, ಗೋರೆಪಾನಿ ಸುಮಾರು 2860, ಪೂನ್ ಹಿಲ್ ತುದಿ 3210. ಅಂದ್ರ ಉಲ್ಲೇರಿಯಿಂದ ಗೋರೆಪಾನಿ ಮುಟ್ಟೂದ್ರೊಳಗ 850 ಮೀಟರ್‌ಗಿಂತ ಜಾಸ್ತಿ ಏರ್ತೀರಿ.

ಇದನ್ನ ತಾಸಿಗೆ ಹೆಂಗ ತಿರುಗಸೂದು ಅಂದ್ರ ಹಳೇದೊಂದು ಲೆಕ್ಕ ಐತಿ, 1892ರಾಗ ಸ್ಕಾಟ್ಲೆಂಡಿನ ನೇಸ್ಮಿತ್ ಅನ್ನೂ ಗುಡ್ಡ ಹತ್ತವ್ರು ಹಾಕಿಕೊಟ್ಟದ್ದು. 5 ಕಿಲೋಮೀಟರ್‌ಗೆ ಒಂದು ತಾಸು, ಅದರ ಮ್ಯಾಲ ಪ್ರತಿ 600 ಮೀಟರ್ ಏರಿಗೆ ಮತ್ತೊಂದು ತಾಸು. 10 ಕಿಲೋಮೀಟರ್ ದಾರಿಯಾಗ 900 ಮೀಟರ್ ಏರಿದ್ರ ಮೂರೂವರೆ ತಾಸು ಆತು. ಇದು ಗಟ್ಟಿಮುಟ್ಟಾದ ಒಬ್ಬನ ಲೆಕ್ಕ, ಎಲ್ಲೂ ನಿಲ್ಲಲಾರದ. 12 ಮಂದಿ, ಅದ್ರಾಗ 67 ವರ್ಷದವ್ರು, ಒಬ್ರು ಬೂಟಿನ ಲಾಡಿ ಕಟ್ಕೊಳ್ಳಾಕ ನಿಂತ್ರ ಹನ್ನೊಂದ ಮಂದಿ ನಿಲ್ಲೂದು, ಫೋಟೋ, ಚಾ, ಉಚ್ಚಿಗೆ ಹೋಗೂದು ಎಲ್ಲಾ ಹಿಡ್ದು ಇದರ ದುಪ್ಪಟ್ಟು ಇಟ್ಕೋರಿ. ಏಳು ತಾಸು. ಈಗ ಆ ಏಜೆನ್ಸಿ ಪ್ಲ್ಯಾನ್ ಮತ್ತೊಮ್ಮೆ ನೋಡ್ರಿ, ಎಲ್ಲೆಲ್ಲಿ ಒತ್ತಿ ತುಂಬ್ಯಾರ ಅನ್ನೂದು ತಾನ ಕಾಣ್ತೈತಿ.

ನನ್ನ ಮಾತು ಕೇಳಿದ್ರ ಟ್ರೆಕ್ ಶುರು ಮಾಡೂ ಪ್ಯಾಟಿ ಪೊಖರಾ, ಅದನ್ನ ಬಿಟ್ಟು ತಿರಗಿ ಪೊಖರಾ ಮುಟ್ಟೂತನಕ ಒಂದು ವಾರ ಇಟ್ಕೋರಿ. ಉಲ್ಲೇರಿಯೊಳಗ ಒಂದು ರಾತ್ರಿ, ಗೋರೆಪಾನಿಯೊಳಗ ಎರಡು ರಾತ್ರಿ, ಆಮ್ಯಾಲ ತಾಡಾಪಾನಿ, ಘಾಂದ್ರುಕ್, ಉಳದದ್ದು ಮಳಿಗೆ ಇಲ್ಲಾ ಯಾರಿಗರ ಆರಾಮಿಲ್ಲದ್ದಕ್ಕ. ಗೋರೆಪಾನಿಯೊಳಗ ಎರಡು ರಾತ್ರಿ ಯಾಕಂದ್ರ ಪೂನ್ ಹಿಲ್‌ಗೆ ಎಲ್ಲಾರೂ ಹೋಗೂದು ನಸುಕಿನ್ಯಾಗ, ಸೂರ್ಯ ಹುಟ್ಟೂದ್ರೊಳಗ ಮ್ಯಾಲ ಇರಬೇಕಂತ, ಒಂದು ದಿನ ಮೋಡ ಮುಚ್ಚಿತು ಅಂದ್ರ ಅಷ್ಟ ದೂರದಿಂದ ಬಂದದ್ದು ವ್ಯರ್ಥ ಆಗಬಾರ್ದು. ಮೋಡ ಇಲ್ಲಂದ್ರ 8167 ಮೀಟರಿನ ಧವಳಗಿರಿ, ಅನ್ನಪೂರ್ಣ ದಕ್ಷಿಣ, ನೀಲಗಿರಿ, ಮೀನಿನ ಬಾಲದಂಥ ತುದಿಯ ಮಚ್ಛಾಪುಚ್ಛ್ರೆ ಎಲ್ಲಾ ಒಂದ ಕಡೆ ನಿಂತು ನೋಡ್ತೀರಿ. ಮಾರ್ಚ್ ಕಡೀಕ, ಏಪ್ರಿಲ್‌ದಾಗ ಆ ಕಾಡು ತುಂಬ ಗುರಾಂಸ್ ಹೂವು ಕೆಂಪಗ ಅರಳಿರ್ತಾವು, ಅದು ನೇಪಾಳದ ರಾಷ್ಟ್ರೀಯ ಹೂವು. ನಿಮ್ಮ ತಿಂಗಳು ಸರಿಯಾಗಿ ಆರಿಸೀರಿ, ಸಾಧ್ಯ ಆದ್ರ ಮಾರ್ಚ್ 20ರ ಮ್ಯಾಲ ಇಟ್ಕೋರಿ.

ಈಗ ಕೇಳೂ ವಿಷಯ. ಇದರ ಮ್ಯಾಲ ಇಡೀ ಪ್ರವಾಸ ನಿಂತೈತಿ ಅಂತ ನಾ ಖಂಡಿತ ಹೇಳ್ತೀನಿ. ‘ದಾರಿ ಸುಲಭ ಐತೇನ್ರಿ’ ಅಂತ ಮಾತ್ರ ಯಾರನ್ನೂ ಕೇಳಬ್ಯಾಡ್ರಿ. ಸುಲಭ ಐತಿ ಅಂತನ ಹೇಳ್ತಾರ, ಸುಳ್ಳು ಹೇಳ್ಬೇಕಂತಲ್ಲ, ಹುಟ್ಟಿದಾಗಿಂದ ಆ ಪಾವಟಿಗಿ ಮ್ಯಾಲ ಕಟಗಿ ಹೊರಿ ಹೊತ್ಕೊಂಡು ಓಡ್ಯಾಡಿದವ್ರಿಗೆ ಅದು ಸುಲಭನ, ಮತ್ತ ಬಂದ ಅತಿಥಿಗೆ ಆಗೂದಿಲ್ಲ ಅನ್ನೂದು ಅವ್ರಿಗೆ ಸರಿ ಅನಸಂಗಿಲ್ಲ. ಅದರ ಬದ್ಲಿ ಸಣ್ಣ ಸಣ್ಣ, ಖಚಿತ ಉತ್ತರ ಬರೂವಂಥ ಪ್ರಶ್ನೆ ಕೇಳ್ರಿ. ನಮ್ಮೊಳಗ 67 ವರ್ಷದವ್ರು ಅದಾರ, ಮೊಳಕಾಲು ಸಲ್ಪ ನೋವು, ಅಂಥವ್ರು ಉಲ್ಲೇರಿಯಿಂದ ಮುಂಜಾನೆ ಏಳಕ್ಕ ಬಿಟ್ರ ಗೋರೆಪಾನಿಗೆ ಎಷ್ಟಕ್ಕ ಬರ್ತಾರ? ನಡಕ ಊಟಕ್ಕ ಎಲ್ಲಿ ನಿಲ್ಲೂದು? ಯಾರಿಗರ ಆಗಲಿಲ್ಲಂದ್ರ ಜೀಪು ಎಲ್ಲೀಮಟ ಬರ್ತೈತಿ? ಈ ಕಡೀ ಪ್ರಶ್ನೆ ಭಾಳ ಮುಖ್ಯ, ಯಾಕಂದ್ರ ಅಲ್ಲೆ ರಸ್ತೆ ವರ್ಷಾ ವರ್ಷಾ ಮ್ಯಾಲ ಮ್ಯಾಲ ಹೊಂಟೈತಿ. ಮೊದ್ಲ ಕೆಳಗಿನ ನಯಾಪೂಲ್ ಊರಿಂದ ನಡೀತಿದ್ರು, ಈಗ ಜೀಪು ಉಲ್ಲೇರಿ ತನಕ ಹೋಗ್ತಾವು, ಆ ಕಡೆ ಘಾಂದ್ರುಕ್ ಹತ್ರದ ತನಕನೂ ಹೋಗ್ತಾವು. ನಿಮ್ಮ ಹಿರಿಯರು ಉಲ್ಲೇರಿಗೆ ಜೀಪಿನ್ಯಾಗ ಬಂದು, ಉಳದವ್ರು ಪಾವಟಿಗಿ ಹತ್ತಿ ಬಂದು ಸಂಜಿಕ ಕೂಡೂಣು ಅಂತ ಮಾಡಬಹುದು. ಹಳೇ ಗೈಡ್ ಪುಸ್ತಕದಾಗ ಇದು ಸಿಗಂಗಿಲ್ಲ, ಅಲ್ಲೆ ಲಾಡ್ಜ್ ನಡಸೂ ದೀದಿಗೆ ಮಾತ್ರ ಗೊತ್ತು ಈ ತಿಂಗಳು ರಸ್ತೆ ಹೆಂಗೈತಿ ಅಂತ.

ಯಾರನ್ನ ಕೇಳೂದು ಅಂದ್ರ ಮೊದ್ಲ ಗೈಡ್. ಏಜೆನ್ಸಿ ಆಫೀಸಿನ್ಯಾಗ ಕುಂತವ್ರನ್ನಲ್ಲ, ನಿಮ್ಮ ಜೋಡಿ ನಡಿಯಾವ ಯಾರು ಅಂತ ಹೆಸರು ಕೇಳಿ, ಅವ್ರ ಜೋಡಿನ ವಿಡಿಯೋ ಕಾಲ್ ಹಚ್ಚಿ 12 ಮಂದಿನೂ ಕುಂತು ಮಾತಾಡ್ರಿ. ಹಿಂದಿ ಬಹಳಷ್ಟು ಮಂದಿಗೆ ಬರ್ತೈತಿ. ಘಾಂದ್ರುಕ್ ಗುರುಂಗ್ ಜನರ ಊರು, ಅಲ್ಲಿಯ ಎಷ್ಟೋ ಮನಿತನದವ್ರು ಗೋರ್ಖಾ ರೆಜಿಮೆಂಟಿನ್ಯಾಗ ನೌಕರಿ ಮಾಡಿದವ್ರು, ಭಾರತ ಸೈನ್ಯದ ಪೆನ್ಶನ್ ಕೊಡೂ ಆಫೀಸ ಪೊಖರಾದಾಗ ಐತಿ. ನಿಮ್ಮೊಳಗ ಯಾರರ ಮಾಜಿ ಸೈನಿಕರಿದ್ರ ಅಲ್ಲಿ ಕಟ್ಟಿ ಮ್ಯಾಲ ಮಾತು ಶುರು ಆದ್ರ ಮುಗಿಯೂದ ಇಲ್ಲ. ಎರಡ್ನೇದು ಲಾಡ್ಜಿನವ್ರು. 12 ಮಂದಿಗೆ ರೂಮು ಐತೇನು ಅಂತ ಮೊದ್ಲ ಕೇಳ್ರಿ, ಮಾರ್ಚ್-ಏಪ್ರಿಲ್, ಅಕ್ಟೋಬರ್-ನವೆಂಬರ್ ಎರಡೂ ಸೀಸನ್, ಗೋರೆಪಾನಿ ತುಂಬಿರ್ತೈತಿ. ಮೂರ್ನೇದು ಪೊಖರಾದಾಗ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಕೊಡೂ ಕೌಂಟರ್. 1986ರಾಗ ಶುರು ಆದ ಯೋಜನಾ ಅದು, ನೇಪಾಳದ ಎಲ್ಲಾಕ್ಕಿಂತ ದೊಡ್ಡ ಸಂರಕ್ಷಿತ ಪ್ರದೇಶ. ಸಾರ್ಕ್ (ಭಾರತ ಹಿಡ್ದು ದಕ್ಷಿಣ ಏಷ್ಯಾದ) ದೇಶದವ್ರಿಗೆ ಪರ್ಮಿಟ್ 1000 ನೇಪಾಳಿ ರೂಪಾಯಿ, ಬ್ಯಾರೆ ವಿದೇಶಿಯರಿಗೆ 3000, ಹೋಗೂ ಮುಂದ ದರ ಒಮ್ಮೆ ನೋಡ್ಕೋರಿ.

ಗೈಡ್ ಬೇಕೇನು ಅಂತ ಕೆಲವ್ರು ಕೇಳ್ಯಾರ. 2023ರ ಏಪ್ರಿಲ್‌ದಿಂದ ವಿದೇಶಿ ಟ್ರೆಕ್ಕರ್‌ಗಳು ಲೈಸೆನ್ಸ್ ಇದ್ದ ಗೈಡ್ ತಗೋಬೇಕಂತ ನೇಪಾಳ ನಿಯಮ ಮಾಡೈತಿ. ನಿಯಮ ಇರ್ಲಿ ಬಿಡ್ಲಿ, 12 ಮಂದಿಗೆ ಒಬ್ರಲ್ಲ, ಇಬ್ರು ಬೇಕ್ರಿ. ಒಬ್ರು ಮುಂದ, ಒಬ್ರು ಎಲ್ಲಾರಕಿಂತ ಹಿಂದ. ಮುಂದಿನವ್ರು ಓಡಿ ಹೋಗಿ ಚಾ ಕುಡ್ದು ಎದ್ದು ನಿಲ್ಲೂದು, ಹಿಂದಿನವ್ರು ಆಗಷ್ಟ ಏದುಸಿರು ಬಿಡ್ಕೋತ ಬಂದು ಮುಟ್ಟೂದು, ‘ಬಂದ್ರಿ? ನಡೀರಿ ಹೋಗೂಣು’ ಅನ್ನೂದು, ಇದರಿಂದ ಎಷ್ಟ ಬಳಗ ಒಡದಾವು. ಎಲ್ಲಾರಕಿಂತ ಸಾವಕಾಶ ನಡಿಯವ್ರು ಬಂದು ಕುಂತು ನೀರು ಕುಡ್ದು ಉಸಿರು ತಿರುಗಿಸಿಕೊಂಡ ಮ್ಯಾಲ ಎಲ್ಲಾರೂ ಏಳೂದು ಅಂತ ಧಾರವಾಡದಾಗನ ಮಾತಾಡಿ ಮುಗಿಸಿರಿ, ಅಲ್ಲೆ ಹೋದ ಮ್ಯಾಲ ಹೇಳಿದ್ರ ಅವ್ರಿಗೆ ಮನಸ್ಸಿಗೆ ಹತ್ತತೈತಿ.

ಪ್ರಶ್ನೆ: ನಾವು ಏಳು ಮಂದಿ ಹೆಣ್ಣಮಕ್ಕಳು ನೇಪಾಳಕ್ಕ ಹೊಂಟೀವಿ, ಎಲ್ಲಾರೂ ಶುದ್ಧ ಸಸ್ಯಾಹಾರಿ, ತತ್ತಿನೂ ತಿನ್ನಂಗಿಲ್ಲ. ಅಡಗಿ ಸಾಮಾನು, ಸಣ್ಣ ಗ್ಯಾಸ್ ಒಲಿ ತಗೊಂಡ ಹೋಗಿ ನಾವ ಮಾಡ್ಕೊಳ್ಳೂಣು ಅಂತ ನಮ್ಮ ಅತ್ತಿಯವ್ರು ಅಂತಾರ. ಸರಿ ಆಕ್ಕೈತೇನ್ರಿ?
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅಕ್ಕಾರ, ಒಲಿ ಬ್ಯಾಡ. ಅತ್ತಿಯವ್ರಿಗೆ ಸಮಾಧಾನ ಆಗೂ ಹಂಗ ಕಾರಣ ಹೇಳ್ತೀನಿ. ಗ್ಯಾಸ್ ಸಿಲಿಂಡರ್ ವಿಮಾನದಾಗ ಬಿಡಂಗಿಲ್ಲ, ಅದು ಒಂದು. ಅದಕ್ಕಿಂತ ದೊಡ್ಡದು ಏನಂದ್ರ ಆ ಗುಡ್ಡದ ಲಾಡ್ಜುಗಳು ನಡಿಯೂದ ಊಟದ ಮ್ಯಾಲ. ರೂಮಿನ ಬಾಡಿಗಿ ಭಾಳ ಕಡಿಮಿ ಇಟ್ಟಿರ್ತಾರ, ರಾತ್ರಿ ಊಟ, ಮುಂಜಾನಿ ನಾಷ್ಟಾ ಅಲ್ಲೇ ಮಾಡ್ತೀರಿ ಅನ್ನೂ ಭರವಸಿ ಮ್ಯಾಲ. ರೂಮು ತಗೊಂಡು ಊಟ ನಾವ ಮಾಡ್ಕೋತೀವಿ ಅಂದ್ರ ಅವ್ರ ಸಂಸಾರಕ್ಕ ಹೊಡ್ತ ಬೀಳ್ತೈತಿ. ಅಲ್ಲಿ ಅಕ್ಕಿ ಚೀಲ, ಎಣ್ಣಿ ಡಬ್ಬಿ, ಸಿಲಿಂಡರ್ ಎಲ್ಲಾ ರಸ್ತೆ ಮುಗದ ಮ್ಯಾಲ ಹೇಸರಗತ್ತಿ ಮ್ಯಾಲ, ಇಲ್ಲಾ ಮನಷ್ಯಾರ ಬೆನ್ನ ಮ್ಯಾಲ ಬರ್ತೈತಿ, ಮ್ಯಾಲ ಹೋದಂಗೆಲ್ಲ ಊಟದ ರೇಟ್ ಏರ್ತೈತಿ ಅಂದ್ರ ಅದಕ್ಕ. ಚೌಕಾಶಿ ಮಾಡಬ್ಯಾಡ್ರಿ.

ಶಾಖಾಹಾರಿಗಳಿಗೆ ನೇಪಾಳದಾಗ ಊಟದ ಚಿಂತಿನ ಇಲ್ರಿ. ದಾಲ್ ಭಾತ್ ಅಂದ್ರ ಅನ್ನ, ಬ್ಯಾಳಿ, ಕಾಯಿಪಲ್ಲೆ, ಉಪ್ಪಿನಕಾಯಿ, ಸೊಪ್ಪು, ಮತ್ತ ಬೇಕಂದ್ರ ಮತ್ತ ಬಡಸ್ತಾರ, ಹೊಟ್ಟಿ ತುಂಬೂತನಕ. ಢಿಂಡೋ ಅಂತ ಸಿಗ್ತೈತಿ, ರಾಗಿ ಇಲ್ಲಾ ಫಾಪರ್ (ಇಂಗ್ಲಿಷಿನ್ಯಾಗ ಬಕ್‌ವ್ಹೀಟ್) ಅನ್ನೂ ಗುಡ್ಡದ ಧಾನ್ಯದ ಹಿಟ್ಟಿನ್ಯಾಗ ಮಾಡಿದ ಮುದ್ದಿ, ಗುಂದ್ರುಕ್ ಅಂದ್ರ ಸೊಪ್ಪು ಹುಳಿ ಬರಿಸಿ ಒಣಗಿಸಿದ್ದು, ಅದರ ಸಾರಿನ ಜೋಡಿ ತಿಂದ್ರ ಥಂಡಿಗೆ ಭಾಳ ಹಿತ. ‘ತತ್ತಿ ಹಾಕಬ್ಯಾಡ್ರಿ’ ಅಂತ ನೂಡಲ್ಸ್, ಫ್ರೈಡ್ ರೈಸ್ ಹೇಳೂ ಮುಂದ ಬಿಡಿಸಿ ಹೇಳ್ರಿ, ಅವ್ಕ ಹಾಕೂ ರೂಢಿ ಐತಿ. ಇಲ್ಲಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಖಂಡಿತ ಕಟ್ಕೊಂಡ ಹೋಗ್ರಿ, ತಟ್ಟಿ ಬದಿಗೆ ಹಾಕ್ಕೊಂಡ್ರ ಯಾರೂ ಬ್ಯಾಡ ಅನ್ನಂಗಿಲ್ಲ, ಅವ್ರಿಗೂ ಒಂದು ಚಮಚ ಕೊಡ್ರಿ. ದಾರಿಯಾಗ ನಡಕ ಹಸಿವಾದಾಗ ಶೇಂಗಾ ಚಿಕ್ಕಿ, ಖಾರೀಕ ಇದ್ರ ಸಾಕು.

ಒಂದು ವಿಷಯ ಲಾಡ್ಜಿನ ದೀದಿಯರು ಎಲ್ಲಾರೂ ಹೇಳೂವಂಥದ್ದು, ಗುಂಪಿನವ್ರು ಮಾತ್ರ ಕೇಳಂಗಿಲ್ಲ. ಅಡಗಿಮನಿ ಸಣ್ಣದು, ಒಲಿ ಒಂದೋ ಎರಡೋ. ಏಳು ಮಂದಿ ಏಳು ನಮೂನಿ ಹೇಳಿದ್ರ ಮೊದಲ್ನೇದಕ್ಕ ಬಂದದ್ದು ಆರಿ ಹೋಗೂತನಕ ಕಡೀದು ಬರಂಗಿಲ್ಲ, ಎರಡು ತಾಸು ಅಲ್ಲೇ ಹೋಗ್ತಾವು, ಕಟಗಿನೂ ಜಾಸ್ತಿ ಸುಡ್ತಾವು. ಸಂಜಿಕ ಮುಟ್ಟಿದ ಕೂಡ್ಲೆ ಒಬ್ರು ಕುಂತು ಎಲ್ಲಾರದ್ದೂ ಕೇಳಿ, ಎರಡ ನಮೂನಿಗೆ ಇಳಿಸಿ, ಊಟದ ಟೈಮ್ ಹೇಳಿ, ಮರದಿನದ ನಾಷ್ಟಾನೂ ರಾತ್ರಿನ ಬರೆಸಿ ಇಟ್ರ ಮುಂಜಾನೆ ಏಳಕ್ಕ ದಾರಿ ಹಿಡೀತೀರಿ. ನೀರಿನ ಪ್ಲಾಸ್ಟಿಕ್ ಬಾಟಲಿ ಕೊಳ್ಳಬ್ಯಾಡ್ರಿ, ಕುದಿಸಿದ ನೀರು ರೊಕ್ಕ ಕೊಟ್ರ ತುಂಬಿಸಿಕೊಡ್ತಾರ, ಬಾಟಲಿ ಕಸ ಆ ಗುಡ್ಡದಿಂದ ಕೆಳಗ ತರೂದು ದೊಡ್ಡ ಕಷ್ಟ.

ಪ್ರಶ್ನೆ: ನನಗ 63 ವರ್ಷ, ನಿವೃತ್ತ ಮಾಸ್ತರ, ಬಿಪಿ ಗುಳಿಗಿ ತಗೋತೀನಿ. ಪೂನ್ ಹಿಲ್‌ನಂಥ ಎತ್ತರಕ್ಕ ಹೋದ್ರ ಉಸಿರು ಕಟ್ಟತೈತಿ ಅಂತ ಮಕ್ಕಳು ಅಂಜಸ್ತಾರ. ಹೋಗಬೇಕೋ ಬ್ಯಾಡೋ?
(ಓದುಗರು, ಮುಳಗುಂದ ನಾಕಾ, ಗದಗ)

ಉತ್ತರ: ಮಾಸ್ತರ, ಹೋಗಬೇಕೋ ಬ್ಯಾಡೋ ಅನ್ನೂದನ್ನ ನಿಮ್ಮ ಡಾಕ್ಟರ ಹೇಳಬೇಕು, ನಾನಲ್ಲ. ಅವ್ರ ಮುಂದ ಕುಂತಾಗ ‘ಟ್ರೆಕಿಂಗ್ ಹೋಗ್ಲೇನು’ ಅಂತ ಕೇಳಬ್ಯಾಡ್ರಿ, ‘2860 ಮೀಟರಿನ್ಯಾಗ ಎರಡು ರಾತ್ರಿ ಮಲಗ್ತೀನಿ, 3210 ಮೀಟರಿಗೆ ಒಂದು ತಾಸು ಹೋಗಿ ಬರ್ತೀನಿ, ದಿನಕ್ಕ ಆರು ತಾಸು ಏರೂದು ಇಳಿಯೂದು ಇರ್ತೈತಿ’ ಅಂತ ಹೇಳ್ರಿ. ಹಂಗ ಹೇಳಿದ್ರ ಇಸಿಜಿ ಬೇಕೋ, ಸ್ಟ್ರೆಸ್ ಟೆಸ್ಟ್ ಬೇಕೋ ಅವ್ರಿಗೆ ತಿಳೀತೈತಿ. ಎತ್ತರದ ತ್ರಾಸಿಗೆ ತಗೊಳ್ಳೂ ಡಯಾಮಾಕ್ಸ್ ಗುಳಿಗಿ ಬಗ್ಗೆನೂ ಅವ್ರನ್ನ ಕೇಳ್ರಿ, ಬಿಪಿ ಗುಳಿಗಿ ಜೋಡಿ ಅದು ಹೊಂದಬೇಕು, ಗೆಳ್ಯಾ ತಗೊಂಡಾನಂತ ನೀವು ತಗೋಬ್ಯಾಡ್ರಿ.

ಎತ್ತರದ ತ್ರಾಸು ಸಾಮಾನ್ಯವಾಗಿ 2500 ಮೀಟರ್ ದಾಟಿದ ಮ್ಯಾಲ ಶುರು ಆಗ್ತೈತಿ. ಅಲ್ಲೆ ಗಾಳಿಯ ಒತ್ತಡ ಕಡಿಮಿ, ಒಂದೊಂದು ಉಸಿರಿನ್ಯಾಗ ಸಿಗೂ ಆಕ್ಸಿಜನ್ ಕಡಿಮಿ, ಶರೀರಕ್ಕ ಹೊಂದ್ಕೊಳ್ಳಾಕ ಟೈಮ್ ಬೇಕಾಗ್ತೈತಿ. ತಲಿ ನೋವು, ವಾಕರಿಕಿ, ಹಸಿವಿ ಆಗದಿರೂದು, ನಿದ್ದಿ ಬರದಿರೂದು, ಇವು ಮೊದಲ್ನೇ ಲಕ್ಷಣ. ಪೂನ್ ಹಿಲ್ ಅಷ್ಟೇನೂ ಎತ್ತರ ಅಲ್ಲ, ಸಾವಕಾಶ ಹೋದವ್ರಿಗೆ ಹೆಚ್ಚಿನ ತ್ರಾಸು ಆಗೂದು ಕಡಿಮಿ. ಆದ್ರ ತ್ರಾಸು ಆದ್ರ ಮುಚ್ಚಿಡಬ್ಯಾಡ್ರಿ, ಹಿರಿಯರು ಬಳಗಕ್ಕ ಭಾರ ಆಗಬಾರ್ದಂತ ಸುಮ್ನ ಇರ್ತಾರ, ಅದ ಅಪಾಯ. ಗೈಡಿಗೆ ಹೇಳ್ರಿ. ಲಕ್ಷಣ ಇದ್ದಾಗ ಮ್ಯಾಲ ಹೋಗೂದು ಬ್ಯಾಡ, ಜಾಸ್ತಿ ಆದ್ರ ರಾತ್ರಿ ಇದ್ರೂ ಕೆಳಗ ಇಳೀಬೇಕು, ಅದಕ್ಕ ಅದರಷ್ಟ ದೊಡ್ಡ ಔಷಧಿ ಮತ್ತೊಂದಿಲ್ಲ. 3000 ಮೀಟರ್ ಮ್ಯಾಲಿನ ಟ್ರೆಕ್ ಮಾಡವ್ರು ಮಲಗೂ ಜಾಗದ ಎತ್ತರ ದಿನಕ್ಕ 500 ಮೀಟರಿಗಿಂತ ಜಾಸ್ತಿ ಏರಿಸಬಾರ್ದು ಅನ್ನೂ ನಿಯಮಾನೂ ಗೊತ್ತಿರ್ಲಿ, ಮುಂದ ಅನ್ನಪೂರ್ಣ ಬೇಸ್ ಕ್ಯಾಂಪ್ ಅಂತ ಯಾರರ ಹುರಪು ಹಚ್ಚಿದ್ರ ಉಪಯೋಗಕ್ಕ ಬರ್ತೈತಿ.

ಇನ್ಶೂರೆನ್ಸ್ ತಗೊಳ್ಳೂ ಮುಂದ ಎಷ್ಟ ಮೀಟರ್ ಎತ್ತರದ ತನಕ ಟ್ರೆಕಿಂಗ್ ಕವರ್ ಆಗ್ತೈತಿ, ಹೆಲಿಕಾಪ್ಟರಿನ್ಯಾಗ ಕೆಳಗ ತರೂ ಖರ್ಚು ಐತೇನು, ಮೊದ್ಲಿನ ಬಿಪಿಗೆ ಏನ್ ಬರದಾರ, ಈ ಮೂರೂ ಓದಿ ಸಹಿ ಮಾಡ್ರಿ. ತಯಾರಿಗೆ ನಿಮ್ಮ ಹತ್ರನ ಕಪ್ಪತಗುಡ್ಡ ಐತಿ, ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯವ್ರನ್ನ ಕೇಳ್ಕೊಂಡು ಹೋಗ್ರಿ. ಹುಬ್ಬಳ್ಳಿಯವ್ರಿಗೆ ನೃಪತುಂಗ ಬೆಟ್ಟ. ಏರೂದಕ್ಕಿಂತ ಇಳಿಯೂದನ್ನ ಜಾಸ್ತಿ ರೂಢಿ ಮಾಡ್ರಿ, ಮೊಳಕಾಲು ಹಾಳಾಗೂದು ಇಳಕಲದಾಗ. ಎರಡೂ ಕೈಯಾಗ ಟ್ರೆಕಿಂಗ್ ಕೋಲು ಇರಲಿ. ಹೊಸ ಬೂಟು ಎರಡು ತಿಂಗಳು ಮೊದ್ಲ ತಗೊಂಡು ಮಾರ್ಕೆಟಿಗೆ ಹೋಗೂ ಮುಂದನೂ ಅದನ್ನ ಹಾಕ್ಕೊಂಡು ಓಡ್ಯಾಡ್ರಿ.

ಪ್ರಶ್ನೆ: ನಮ್ಮ ಗುಂಪಿನ್ಯಾಗ ಮೂರು ಮಂದಿಗೆ ಪಾಸ್‌ಪೋರ್ಟ್ ಇಲ್ಲ. ಆಧಾರ್ ನಡೀತೈತೇನು? ರೊಕ್ಕದ್ದು ಹೆಂಗ?
(ಓದುಗರು, ನವನಗರ, ಹುಬ್ಬಳ್ಳಿ)

ಉತ್ತರ: ನೇಪಾಳಕ್ಕ ವೀಸಾ ಬೇಕಾಗಿಲ್ಲ. ವಿಮಾನದಾಗ ಹೋಗೂ ಭಾರತೀಯರು ಪಾಸ್‌ಪೋರ್ಟ್ ಇಲ್ಲಾ ಚುನಾವಣಾ ಆಯೋಗದ ವೋಟರ್ ಐಡಿ ತೋರಿಸಬೇಕು, ಒರಿಜಿನಲ್ಲು. ಆಧಾರ್ ನಡಿಯೂದು 65 ದಾಟಿದವ್ರಿಗೆ, 15ರ ಒಳಗಿನ ಮಕ್ಕಳಿಗೆ ಮಾತ್ರ. ಟಿಕೆಟ್ಟಿನ್ಯಾಗ ಇದ್ದ ಹೆಸರು, ಕಾರ್ಡಿನ್ಯಾಗ ಇದ್ದ ಹೆಸರು ಒಂದ ಇರ್ಲಿ, ಅಡ್ಡಹೆಸರು ಒಂದರಾಗಿದ್ದು ಒಂದರಾಗ ಇಲ್ದ ನಮ್ಮ ಕಡೆಯವ್ರಿಗೆ ಇದ ತೊಂದ್ರಿ ಆಗೂದು. ಒಂದು ಭಾರತದ ರೂಪಾಯಿಗೆ 1.60 ನೇಪಾಳಿ ರೂಪಾಯಿ, ಈ ದರ ಸ್ಥಿರ ಇರ್ತೈತಿ. 2024ರಿಂದ ಅಲ್ಲಿಯ ಫೋನ್‌ಪೇ (Fonepay, ನಮ್ಮ PhonePe ಅಲ್ಲ) ಕ್ಯೂಆರ್ ಇದ್ದ ಅಂಗಡಿಯೊಳಗ ನಮ್ಮ ಯುಪಿಐ ನಡೀತೈತಿ, ಆದ್ರ ಗುಡ್ಡದಾಗ ನೆಟ್‌ವರ್ಕ್ ನಂಬಬ್ಯಾಡ್ರಿ, ಪೊಖರಾದಾಗನ ನೇಪಾಳಿ ನೋಟು ಬಿಡಿಸಿಕೊಂಡು, ಒಬ್ರ ಕೈಯಾಗ ಅಲ್ಲ, ಮೂರ್ನಾಕ ಮಂದಿ ಹತ್ರ ಹಂಚಿ ಇಡ್ರಿ. ದಿನದ ಖರ್ಚು ಬರಿಯಾಕ ಒಬ್ರನ್ನ ನೇಮಿಸಿ ಪ್ರತಿದಿನ ರಾತ್ರಿ ಓದಿ ಹೇಳಸ್ರಿ, ಊರಿಗೆ ಬಂದ ಮ್ಯಾಲ ಲೆಕ್ಕ ಮಾಡೂಣು ಅಂತ ಬಿಟ್ರ ಸ್ನೇಹ ಕೆಡ್ತಾವು.

ಪ್ರಶ್ನೆ: ನೇಪಾಳದಾಗ ಪೋರ್ಟರ್ ತಗೋರಿ ಅಂತಾರ. ಮತ್ತೊಬ್ಬ ಮನಷ್ಯಾನ ಬೆನ್ನ ಮ್ಯಾಲ ನಮ್ಮ ಸಾಮಾನು ಹೊರಿಸೂದು ಮನಸ್ಸಿಗೆ ಸರಿ ಅನಸವಲ್ದು.
(ಎಂ.ಎ. ವಿದ್ಯಾರ್ಥಿ, ಧಾರವಾಡ)

ಉತ್ತರ: ತಮ್ಮಾ, ನಿನ್ನ ಮನಸ್ಸು ಒಳ್ಳೇದೈತಿ. ಆದ್ರ ಆ ಕೆಲಸದ ಮ್ಯಾಲ ಅಲ್ಲೆ ಎಷ್ಟೋ ಮನಿ ನಡೀತಾವು, ಸೀಸನ್ ಇದ್ದಾಗ ದುಡದದ್ದು ಮಳಿಗಾಲಕ್ಕ ಬೇಕು. ತಪ್ಪು ಇರೂದು ಹೊರಿಸೂದ್ರಾಗಲ್ಲ, ಜಾಸ್ತಿ ಹೊರಿಸೂದ್ರಾಗ. ಇಬ್ರಿಗೆ ಒಬ್ರು ಪೋರ್ಟರ್ ಅಂತ ಇಟ್ಕೊಂಡು ಇಬ್ರದ್ದೂ ಕೂಡಿ 20 ಕಿಲೋ ದಾಟಬಾರ್ದು, ಹುಬ್ಬಳ್ಳಿಯಾಗನ ತೂಕ ಹಾಕ್ರಿ. ಅವ್ರಿಗೆ ಇನ್ಶೂರೆನ್ಸ್ ಐತೇನು, ಬೆಚ್ಚಗಿನ ಅರಬಿ, ಬೂಟು ಅದಾವೇನು, ರಾತ್ರಿ ಎಲ್ಲಿ ಮಲಗ್ತಾರ, ದಿನದ ಪಗಾರ ಅವ್ರ ಕೈಗೆ ಎಷ್ಟ ಮುಟ್ಟತೈತಿ ಅಂತ ಏಜೆನ್ಸಿಯವ್ರನ್ನ ಬರದ ಕೇಳ್ರಿ. ಸರಿಯಾಗಿ ಉತ್ತರ ಕೊಡದವ್ರನ್ನ ಬಿಡ್ರಿ, ಬ್ಯಾರೆಯವ್ರನ್ನ ಹಿಡೀರಿ. ದಾಯಿ ಅಂತ ಕರೀರಿ, ಅಣ್ಣ ಅಂದಂಗ, ಸಣ್ಣವ್ರಿದ್ರ ಭಾಯಿ. ಚಾ ಕುಡಿಯೂ ಮುಂದ ಅವ್ರಿಗೂ ಹೇಳ್ರಿ. ದಸೈಂ ಹಬ್ಬ ನಮ್ಮ ದಸರಾ ಟೈಮಿಗೆ ಬರ್ತೈತಿ, ಆಗ ಅವ್ರೂ ತಮ್ಮ ಊರಿಗೆ ಹೋಗಬೇಕು, ಬಸ್ಸೆಲ್ಲ ತುಂಬಿರ್ತಾವು, ದಸರಾ ಸೂಟಿಗೆ ಹೋಗೂಣು ಅನ್ನವ್ರು ಇದನ್ನ ನೆನಪಿಡ್ರಿ.

ಪ್ರಶ್ನೆ: ನಮ್ಮ ಮಗಳು ಇಂಗ್ಲೆಂಡಿನ ನ್ಯೂಕ್ಯಾಸಲ್‌ದಾಗ ಅದಾಳ. ನಾವು ಎಂಟು ಮಂದಿ ಬೀಗರು-ಗೆಳ್ಯಾರು ಕೂಡಿ ಜುಲೈದಾಗ ಹೋಗಿ ಹೇಡ್ರಿಯನ್ ಗೋಡಿ ದಾರಿ ನಡಿಯೂಣು ಅಂತೀವಿ. ಆ ದಾರಿ ಮಂದಿ ಹೊಲದಾಗ ಹಾದು ಹೋಗ್ತೈತಂತ, ಹೊಲದವ್ರು ಸುಮ್ನ ಬಿಡ್ತಾರೇನ್ರಿ?
(ರೈತರು, ರಾಣೆಬೆನ್ನೂರ ತಾಲೂಕು, ಹಾವೇರಿ ಜಿಲ್ಲಾ)

ಉತ್ತರ: ಬಿಡ್ತಾರ್ರಿ, ಅದು ಅಲ್ಲಿಯ ಕಾನೂನು. ಸಾರ್ವಜನಿಕ ಕಾಲುದಾರಿ ಅಂತ ಗುರುತು ಆದದ್ದು ಯಾರದ ಹೊಲ ಇರ್ಲಿ, ನಡಕೊಂಡು ಹೋಗೂ ಹಕ್ಕು ಎಲ್ಲಾರಿಗೂ ಐತಿ, ಹಳದಿ ಬಾಣದ ಗುರುತು ಇರ್ತೈತಿ. ಅದರ ಬದ್ಲಿ ನಾವು ದಾರಿ ಬಿಟ್ಟು ಬೆಳಿಯಾಗ ಕಾಲಿಡಬಾರ್ದು, ನಾವ ತೆರದ ಗೇಟು ಮುಚ್ಚಿ ಹೋಗಬೇಕು. ನೀವೂ ಒಕ್ಕಲಿಗರು, ಇದನ್ನ ನಿಮಗ ಬಿಡಿಸಿ ಹೇಳೂದು ಬ್ಯಾಡ. ಆದ್ರ ಒಂದು ಹೇಳಲೇಬೇಕು, ಅಲ್ಲೆ ಹೊಲದಾಗ ದನ ಬಿಟ್ಟಿರ್ತಾರ, ಕರಾ ಇದ್ದ ಆಕಳಗಳು ಹೊಸಬ್ರ ಮೈಮ್ಯಾಲ ಬರೂದುಂಟು. ನಮ್ಮ ಮನಿ ಆಕಳ ಅಂತ ಹತ್ರ ಹೋಗಿ ಬೆನ್ನು ಸವರಾಕ ಹೋಗಬ್ಯಾಡ್ರಿ, ದೂರಿಂದ ಸುತ್ತು ಹಾಕ್ಕೊಂಡು ಹೋಗ್ರಿ, ಓಡಬ್ಯಾಡ್ರಿ.

ಇಡೀ ದಾರಿ 135 ಕಿಲೋಮೀಟರ್, ಪೂರ್ವದಾಗ ವಾಲ್ಸೆಂಡ್‌ದಿಂದ ಪಶ್ಚಿಮದಾಗ ಬೋನೆಸ್-ಆನ್-ಸಾಲ್ವೇ ತನಕ. ಕ್ರಿ.ಶ. 122ರಾಗ ರೋಮ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಾಕ ಶುರು ಮಾಡಿದ ಗೋಡಿ ಅದು. ಎಂಟು ಮಂದಿ ದಿನಾ ಸಾಮಾನು ಹೊತ್ಕೊಂಡು ಊರಿಂದ ಊರಿಗೆ ಹೋಗೂದಕ್ಕಿಂತ ಹಾಲ್ಟ್‌ವಿಸಲ್ ಇಲ್ಲಾ ಹೆಕ್ಸಮ್ ಊರಾಗ ಒಂದ ಕಡೆ ರೂಮು ಹಿಡೀರಿ, ಎರಡೂ ನ್ಯೂಕ್ಯಾಸಲ್-ಕಾರ್ಲೈಲ್ ರೈಲು ದಾರಿಗೆ ಅದಾವು. ಗೋಡಿ ಹಾದಿಗುಂಟ ಎಡಿ122 ಅನ್ನೂ ಬಸ್ಸು ಬ್ಯಾಸಗಿಯಾಗ ಓಡ್ತೈತಿ, ಬಸ್ಸಿನ್ಯಾಗ ಹೋಗಿ ಇಳದು, ಆಗೂವಷ್ಟ ನಡದು, ಬಸ್ಸಿನ್ಯಾಗ ತಿರಗಿ ಬರೂದು. ಸುಸ್ತಾದವ್ರು ನಡಕ ಹತ್ತಿ ಹೊಂಟ ಬರಬಹುದು. ಗೋಡಿ ಭಾಳ ಚಂದ ಉಳದದ್ದು ನಡುವಿನ ಭಾಗದಾಗ, ಹೌಸ್‌ಸ್ಟೆಡ್ಸ್ ಕೋಟಿ ಸುತ್ತಮುತ್ತ, ಅಲ್ಲೆ ಏರಿಳಿತಾನೂ ಜಾಸ್ತಿ. ನ್ಯೂಕ್ಯಾಸಲ್ ಪ್ಯಾಟಿಯೊಳಗಿನ ದಾರಿ ಬಿಟ್ರೂ ನಡೀತೈತಿ. ಜುಲೈ ಒಳ್ಳೇ ತಿಂಗಳು, ರಾತ್ರಿ ಒಂಬತ್ತರ ಮ್ಯಾಲನೂ ಬೆಳಕಿರ್ತೈತಿ, ಚಳಿಗಾಲದಾಗ ಹಸಿ ನೆಲ ತುಳದ್ರ ಕೆಳಗಿನ ಪ್ರಾಚೀನ ಅವಶೇಷ ಹಾಳಾಗ್ತಾವಂತ ಆ ದಾರಿ ನೋಡಿಕೊಳ್ಳವ್ರ ಬ್ಯಾಸಗಿಯಾಗ ಬರ್ರಿ ಅಂತಾರ. ಮಳಿ ಮಾತ್ರ ಯಾವಾಗ ಬೇಕಾದ್ರೂ ಬರ್ತೈತಿ, ಛತ್ರಿ ಗಾಳಿಗೆ ನಿಲ್ಲಂಗಿಲ್ಲ, ರೇನ್‌ಕೋಟ್ ತಗೋರಿ.

ವೀಸಾ ಅರ್ಜಿ ಹೋಗೂ ತಾರೀಖಿನ ಮೂರು ತಿಂಗಳಿಗಿಂತ ಮೊದ್ಲ ಹಾಕಾಕ ಬರಂಗಿಲ್ಲ, ಏಪ್ರಿಲ್‌ದಾಗ ಎಂಟೂ ಮಂದಿ ಕೂಡಿ ಹಾಕ್ರಿ. ರೂಮಿನ ಕೆಲಸ ಮಗಳಿಗೆ ಈಗನ ಹೇಳ್ರಿ, ಸಣ್ಣ ಊರಾಗಿನ ಮನಿಗಳೊಳಗ ಎರಡೋ ಮೂರೋ ರೂಮು ಇರ್ತಾವು, ಎಂಟು ಮಂದಿಗೆ ಒಂದ ಕಡೆ ಸಿಗೂದು ಕಷ್ಟ. ಆಕಿ ಫೋನ್ ಮಾಡಿದಾಗ ಮನಿಯವ್ರನ್ನ ಎರಡು ವಿಷಯ ಕೇಳ್ಲಿ: ನಾಷ್ಟಾಕ್ಕ ಶಾಖಾಹಾರ ಏನ್ ಕೊಡ್ತೀರಿ, ಮತ್ತ ಈ ವರ್ಷ ಬಸ್ಸು ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಓಡ್ತೈತಿ. ಬಸ್ಸಿನ ತಾರೀಖು ತಿಳದ ಮ್ಯಾಲನ ವಿಮಾನದ ಟಿಕೆಟ್ ತಗೋರಿ.